ಬೊರುತೊ, ನತ್ತೊ ಮತ್ತು ಒಂದು ಬೊಟ್ಟು ಅರಿಶಿನ

ರೈಲಿನಲ್ಲಿ

ಜಪಾನಿನಲ್ಲಿ ಇಳಿದ ದಿನವೇ ನನ್ನ ಹೆಸರು ಬದಲಾಗಿಹೋಯಿತು. ಮೈಸೂರಿನಲ್ಲಿ ಹುಟ್ಟಿದಾಗಿನಿಂದ ವಸುಂಧರಾ ಆಗಿದ್ದವಳು ವಿಮಾನ ನಿಲ್ದಾಣದ ಬಾಗಿಲು ದಾಟುವ ಹೊತ್ತಿಗೆ ಬಸುಂದಾರಾ-ಸಾನ್ ಆಗಿದ್ದೆ. ‘ಸಾನ್’ ಎಂದರೆ ನಮ್ಮ ‘ಅವರು’ ಇದ್ದಂತೆ. ಇಂಗ್ಲಿಷಿನ ‘ವಿ’ ಅಕ್ಷರ ಕಂಡರೆ ಇಲ್ಲಿನವರು ‘ಬ’ ಎನ್ನುತ್ತಾರೆ. ಮಹಾಪ್ರಾಣವೆಂಬ ದುಂದುವೆಚ್ಚ ಇವರ ಭಾಷೆಯಲ್ಲಿ ಇಲ್ಲವೇ ಇಲ್ಲ. ಹೊಸ ಹೆಸರು ಬಾಸುಂದಿಯ ದೂರದ ನೆಂಟರಂತೆ ಕೇಳಿಸಿತು. ಆದರೆ ನನ್ನನ್ನು ಕರೆದೊಯ್ಯಲು ಬಂದಿದ್ದ ನಕಗಾವಾ-ಸಾನ್ ಎಂಬ ಹೆಂಗಸು ಅಷ್ಟು ಗೌರವದಿಂದ ಸೊಂಟ ಬಗ್ಗಿಸಿ ಆ ಹೆಸರು ಹೇಳಿದ್ದರಿಂದ ತಿದ್ದಲು ಮನಸ್ಸು ಬರಲಿಲ್ಲ.

ನಾನು ಬೆಂಗಳೂರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ಎಂಜಿನಿಯರು. ರೈಲಿನಲ್ಲಿ ನನ್ನ ಮಡಿಲ ಮೇಲಿದ್ದದ್ದು ನಾವು ಕೆಲವರು ಸೇರಿ ನಾಲ್ಕು ವರ್ಷ ಕೂತು ಕಟ್ಟಿದ, ಟಿಫಿನ್ ಡಬ್ಬಿಯಷ್ಟು ದೊಡ್ಡ ಒಂದು ಉಪಕರಣ. ಬಾಹ್ಯಾಕಾಶದಲ್ಲಿ ತೇಲುವ ಧೂಳಿನ ಕಣಗಳನ್ನು ಎಣಿಸುವುದು ಅದರ ಕೆಲಸ. ಒಂದು ರಾಕೆಟ್ಟಿನಲ್ಲಿ ಅದಕ್ಕೆ ಮೂಲೆಯೊಂದು ಸಿಕ್ಕಿತ್ತು. ಹಾರುವ ಮೊದಲು ಸಗಮಿಹಾರಾ ಊರಾಚೆಯ ಒಂದು ಖಾಸಗಿ ಪರೀಕ್ಷಾ ಕೇಂದ್ರದಲ್ಲಿ, ಗಾಳಿಯೆಲ್ಲ ಹೀರಿ ತೆಗೆದ ಉಕ್ಕಿನ ಕೋಣೆಯೊಳಗೆ ಅದು ಬಿಸಿಯನ್ನೂ ಚಳಿಯನ್ನೂ ತಡೆದು ತೋರಿಸಬೇಕು. ಆ ವಾರ ಕೋಣೆ ನಮ್ಮದು, ಮುಂದಿನ ವಾರ ಇನ್ನೊಬ್ಬರದು. ನಮ್ಮದು ತಪ್ಪಿದರೆ ರಾಕೆಟ್ಟಿನ ಮೂಲೆಯೂ ಕಾಯುತ್ತಿರುವ ಇನ್ನೊಬ್ಬರ ಪಾಲಿಗೆ ಹೋಗುತ್ತದೆ.

ನಾವು ರೈಲಿನ ಮೊದಲ ಬೋಗಿಯಲ್ಲಿದ್ದುದರಿಂದ ಗಾಜಿನಾಚೆ ಚಾಲಕ ಕಾಣುತ್ತಿದ್ದ. ಬಿಳಿ ಕೈಗವಸಿನ ಆತ ಒಬ್ಬನೇ ಕೂತು ಏನೋ ಕೂಗುತ್ತಿದ್ದ. ಸಿಗ್ನಲ್ಲಿನತ್ತ ಬೆರಳು ಚಾಚುವುದು, ಕೂಗುವುದು, ಗಡಿಯಾರಕ್ಕೆ ಬೆರಳಿಡುವುದು, ಮತ್ತೆ ಕೂಗುವುದು.

“ಯಾರ ಜೊತೆ ಮಾತಾಡುತ್ತಿದ್ದಾರೆ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ.

“ಸಿಗ್ನಲ್ಲಿನ ಜೊತೆ,” ಎಂದರು ನಕಗಾವಾ-ಸಾನ್. “ಕಣ್ಣು ಮಾತ್ರ ನೋಡಿದರೆ ಕಣ್ಣು ಮೋಸ ಮಾಡಬಹುದು. ಬೆರಳು, ಬಾಯಿ, ಕಿವಿ ಎಲ್ಲ ಸೇರಿದರೆ ಮೋಸ ಕಷ್ಟ. ನಮ್ಮ ಕೇಂದ್ರದಲ್ಲೂ ಹೀಗೇ. ನೀವೂ ಮಾಡಬೇಕಾಗುತ್ತದೆ.”

ನಾನು ನಕ್ಕೆ. ಬೆರಳು ತೋರಿಸಿ ಮಾತಾಡಬೇಡ ಎಂದು ಬೈಸಿಕೊಂಡು ಬೆಳೆದವಳು ನಾನು.

ಕೊಂಬಿನಿಯಲ್ಲಿ

ಕೊಂಬಿನಿ ಎಂದರೆ ಇಲ್ಲಿ ಬೀದಿಬೀದಿಗೂ ಇರುವ, ಹಗಲುರಾತ್ರಿ ತೆರೆದ ಅಂಗಡಿ. ‘ಕನ್ವೀನಿಯೆನ್ಸ್ ಸ್ಟೋರ್’ ಎಂಬ ಉದ್ದನೆಯ ಇಂಗ್ಲಿಷನ್ನು ಅಷ್ಟಕ್ಕೆ ಕತ್ತರಿಸಿ ಇಟ್ಟುಕೊಂಡಿದ್ದಾರೆ. ಏರ್ ಕಂಡೀಷನರ್ ಎಅಕೊನ್, ರಿಮೋಟ್ ಕಂಟ್ರೋಲ್ ರಿಮೊಕೊನ್, ಪರ್ಸನಲ್ ಕಂಪ್ಯೂಟರ್ ಪಸೊಕೊನ್. ಇಂಗ್ಲಿಷಿನವರೇ ಬಂದು ಕೇಳಿದರೂ ಇವೆಲ್ಲ ತಮ್ಮ ಮನೆಯ ಮಕ್ಕಳೆಂದು ಗುರುತು ಹಿಡಿಯಲಾರರು.

ಕಾಫಿಗೆ ಹಾಲು ಬೇಕಿತ್ತು. ಅಂಗಡಿಯಾಕೆಯನ್ನು ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ “ಮಿಲ್ಕ್” ಎಂದು ಕೇಳಿದೆ. ಆಕೆ ಕಣ್ಣು ಪಿಳಿಪಿಳಿ ಬಿಟ್ಟರು. ಇನ್ನೂ ಶುದ್ಧವಾಗಿ, ಕೊನೆಯ ಅಕ್ಷರವನ್ನು ನಾಲಿಗೆಯ ಬುಡದಲ್ಲೇ ತುಂಡರಿಸಿ ಹೇಳಿದೆ. ಸುಮಿಮಸೆನ್ ಎಂದು ಕ್ಷಮೆ ಕೇಳಿದರು. ಪ್ರಯಾಣದ ಸುಸ್ತಿನಲ್ಲಿ ಬಾಯಿ ತಪ್ಪಿ ನಮ್ಮ ಮನೆಯ ಧಾಟಿಯಲ್ಲಿ “ಮಿಲ್ಕು” ಎಂದುಬಿಟ್ಟೆ.

“ಆ, ಮಿರುಕು,” ಎಂದು ಆಕೆ ಓಡಿಹೋಗಿ ಹಾಲಿನ ಪೊಟ್ಟಣ ತಂದುಕೊಟ್ಟರು.

ನಾನು ಅಂಗಡಿಯ ನಡುವೆ ನಿಂತುಬಿಟ್ಟೆ. ಬಸ್ಸು, ಕಾರು, ಲೈಟು, ಬುಕ್ಕು, ಹೋಟ್ಲು ಎನ್ನುವ ನನ್ನ ಬಾಯಿಯ ‘ಉ’ಕಾರವನ್ನು ಬಿಡಿಸಲು ಶಾಲೆಯ ಇಂಗ್ಲಿಷ್ ಮಿಸ್ಸು ಎಷ್ಟು ವರ್ಷ ಹೆಣಗಿದ್ದರು. ಇಲ್ಲಿ ನೋಡಿದರೆ ಒಂದು ದೇಶಕ್ಕೆ ದೇಶವೇ ಆ ‘ಉ’ ಹಚ್ಚಿಕೊಂಡು ಆರಾಮಾಗಿದೆ. ಬಸು, ಬುಕ್ಕು, ಹೊತೆರು. ಬರೀ ವ್ಯಂಜನದಲ್ಲಿ ಪದ ಮುಗಿದರೆ ಇವರಿಗೂ ನಮ್ಮ ಹಾಗೆ ಊಟ ಅರ್ಧಕ್ಕೆ ಬಿಟ್ಟಂತೆ ಆಗುತ್ತದೆ. ಕನ್ನಡಿಗರ ಬಾಯಿ ಜಪಾನಿಗೆ ಹೇಳಿ ಮಾಡಿಸಿದ್ದು ಎಂಬ ನನ್ನ ಸಿದ್ಧಾಂತ ಆ ಕೊಂಬಿನಿಯಲ್ಲಿ ಹುಟ್ಟಿತು, ಮತ್ತು ನಾನು ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಒಂದು ತಕರಾರು ಮಾತ್ರ ಇದೆ. ಬರೆಯದ ಕಡೆ ‘ಉ’ ತುರುಕುವ ಇದೇ ಜನ ಬರೆದ ಕಡೆ ಅದನ್ನು ನುಂಗುತ್ತಾರೆ. ಬರೆಯುವುದು ‘ದೆಸು’, ಹೇಳುವುದು ‘ದೆಸ್’. ಬರೆಯುವುದು ‘ಸುಕಿ’, ಕೇಳಿಸುವುದು ‘ಸ್ಕಿ’. ಬರೆದಂತೆ ಓದುವ, ಓದಿದಂತೆ ಬರೆಯುವ ನಮಗೆ ಇದು ಸ್ವಲ್ಪ ಅನ್ಯಾಯವೆಂದೇ ಅನಿಸುತ್ತದೆ.

ಭಾನುವಾರ, ಚೈತ್ರಾಳ ಮನೆ

ಚೈತ್ರಾ ನನ್ನ ಸಹೋದ್ಯೋಗಿಯೊಬ್ಬರ ತಂಗಿ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರು, ಬೆಂಗಳೂರಿನಿಂದ ಬಂದು ಸಗಮಿಹಾರಾದಲ್ಲೇ ನೆಲೆಸಿದ್ದಾರೆ. ಊಟಕ್ಕೆ ಕರೆದಿದ್ದಳು. ಮಗಳು ಇರಾ ಒಂದನೇ ಕ್ಲಾಸು. ನಾನು ಕನ್ನಡದಲ್ಲಿ ಏನು ಕೇಳಿದರೂ ಪೂರ್ತಿ ಅರ್ಥಮಾಡಿಕೊಂಡು ಜಪಾನಿಯಲ್ಲಿ ಉತ್ತರ ಕೊಡುತ್ತಿದ್ದಳು.

ಗೋಡೆಯ ಮೇಲೆ ಅವಳ ಅಕ್ಷರಮಾಲೆ ನೇತುಹಾಕಿದ್ದರು. ಅವಳು ಓದಿ ತೋರಿಸಿದಳು. ಅ, ಇ, ಉ, ಎ, ಒ. ಆಮೇಲೆ ಕ ಸಾಲು, ಸ ಸಾಲು, ತ, ನ, ಹ, ಮ, ಯ, ರ, ವ. ನನಗೆ ರೋಮಾಂಚನವಾಯಿತು. ನಮ್ಮದೇ ವರ್ಣಮಾಲೆ, ಅರ್ಧ ಜನ ರಜೆ ಹಾಕಿ ಹೋಗಿದ್ದಾರೆ ಅಷ್ಟೆ. ಲ ಇಲ್ಲ, ಳ ಇಲ್ಲ. ಆದರೆ ಹ್ರಸ್ವ ದೀರ್ಘ ನಮ್ಮಷ್ಟೇ ಕಟ್ಟುನಿಟ್ಟು. ‘ಒಬಸಾನ್’ ಎಂದರೆ ಅತ್ತೆಯೋ ಚಿಕ್ಕಮ್ಮನೋ, ‘ಒಬಾಸಾನ್’ ಎಂದರೆ ಅಜ್ಜಿ.

“ಇಲ್ಲಿಗೆ ಬರೋ ಇಂಗ್ಲಿಷ್‌ನೋರು ಇದರಲ್ಲೇ ಸಿಕ್ಕಿಬೀಳೋದು ಅಕ್ಕ,” ಎಂದಳು ಚೈತ್ರಾ. “ನಮ್ಮ ಆಫೀಸಲ್ಲಿ ಒಬ್ಬ, ಬಾಸ್ ಹೆಂಡ್ತೀನ ಅಜ್ಜಿ ಅಂತ ಕರ್ದುಬಿಟ್ಟ. ಫುಲ್ ಪಾರ್ಟಿ ಸೈಲೆಂಟ್.”

“ನಾವು ಕಾಗುಣಿತ ಬಾಯಿಪಾಠ ಮಾಡಿರೋರು. ನಮಗೆ ಆ ತಾಪತ್ರಯ ಇಲ್ಲ,” ಎಂದೆ.

“ಅಷ್ಟೊಂದು ಜಂಬ ಬೇಡ. ಇರಾ, ಆಂಟಿಗೆ ಸಂಡೇ ಬರೆದು ತೋರ್ಸು.”

ಇರಾ ಮೂರು ಚಿತ್ರಾಕ್ಷರ ಬರೆದಳು. ಮೊದಲನೆಯದೂ ಕೊನೆಯದೂ ಒಂದೇ, ಕಿಟಕಿಯಂಥ ಒಂದು ಚೌಕ. ಓದಿದಾಗ ‘ನಿಚಿಯೋಬಿ’. ಮೊದಲು ಬಂದ ಚೌಕ ‘ನಿಚಿ’, ಕೊನೆಗೆ ಬಂದ ಅದೇ ಚೌಕ ‘ಬಿ’.

“ಇದು ನಿಚಿ ಆದ್ರೆ ಇದೂ ನಿಚಿ ಆಗ್ಬೇಕಲ್ಲ ಪುಟ್ಟಿ?”

ಇರಾ ತಲೆ ಎತ್ತಿ ನೋಡಿ, ಆ ದಿನ ಮೊದಲ ಬಾರಿಗೆ ಕನ್ನಡದಲ್ಲಿ ಹೇಳಿದಳು: “ಆಂಟಿ, ಹಾಗೇ ಇರತ್ತೆ. ಕೇಳಬಾರದು.”

ಈ ವ್ಯಾಕರಣ ಸೂತ್ರಕ್ಕೆ ತಲೆಬಾಗಿದೆ. ಇನ್ನೊಂದು ಸೌಟು ಬಿಸಿಬೇಳೆಬಾತು ಹಾಕಿಸಿಕೊಂಡೆ.

ಪರೀಕ್ಷಾ ಕೇಂದ್ರ

ಸೋಮವಾರ ಕೇಂದ್ರದ ಮುಖ್ಯಸ್ಥ ಒಕಾದಾ-ಸಾನ್ ನಿಯಮ ಹೇಳಿದರು. ಉಪಕರಣದ ಪೆಟ್ಟಿಗೆ ಯಾರದೋ ಅವರೇ ಪ್ರತಿ ಭಾಗಕ್ಕೂ ಬೆರಳು ತೋರಿಸಿ ಅದರ ಹೆಸರು ಕೂಗಬೇಕು, ಸರಿಯಿದ್ದರೆ ‘ಯೊಶಿ’ ಎನ್ನಬೇಕು. ಎದುರಿಗಿರುವವರು ಅದನ್ನೇ ಕೂಗಿ ಮರಳಿಸುತ್ತಾರೆ. ಅವರು ಮರಳಿಸದಿದ್ದರೆ ಕೆಲಸ ಮುಂದೆ ಹೋಗುವುದಿಲ್ಲ.

ನಾನು ಮೊಣಕೈ ಮಡಚಿಕೊಂಡೇ ಬೆರಳನ್ನು ಸ್ವಲ್ಪ ಎತ್ತಿ, “ಬೋಲ್ಟ್, ಯೊಶಿ” ಎಂದೆ. ನಕಗಾವಾ-ಸಾನ್ ಕಲ್ಲಿನಂತೆ ನಿಂತಿದ್ದರು.

“ಬೋಲ್ಟು,” ಎಂದೆ ನನ್ನ ಸಿದ್ಧಾಂತ ನೆನಪಿಸಿಕೊಂಡು.

“ಬೊರುತೊ, ಯೊಶಿ!” ಎಂದು ಆಕೆ ಕೂಗಿದ ರಭಸಕ್ಕೆ ನಾನು ಬೆಚ್ಚಿಬಿದ್ದೆ.

ಆಮೇಲೆ ದಾರಿ ಸಲೀಸಾಯಿತು. ಮೈಸೂರಿನ ಗ್ಯಾರೇಜುಗಳಲ್ಲಿ ಕೇಳಿಸುವ ಇಂಗ್ಲಿಷನ್ನು ತೆಗೆದುಕೊಂಡು, ಲಕಾರ ಕಂಡಲ್ಲಿ ರಕಾರ ಹಾಕಿ, ಟಕಾರ ಕಂಡಲ್ಲಿ ತಕಾರ ಹಾಕಿ, ಆ ತಕಾರದ ಕೊನೆಯ ‘ಉ’ವನ್ನು ‘ಒ’ ಮಾಡಿದರೆ ಮುಗಿಯಿತು. ಕೇಬಲ್ಲು ಕೇಬುರು. ಬ್ರಾಕೆಟ್ಟು ಬುರಕೆತ್ತೊ. ನಟ್ಟು ನತ್ತೊ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕೊನೆಯ ‘ಒ’ ಹ್ರಸ್ವವಾದರೆ ಅದು ಬೋಲ್ಟಿನ ಜೊತೆಯ ನಟ್ಟು. ದೀರ್ಘವಾಗಿ ‘ನತ್ತೋ’ ಆದರೆ ಬೆಳಗಿನ ತಿಂಡಿಗೆ ಕೊಡುವ, ಎಳೆದರೆ ಅಂಟಂಟಾಗಿ ದಾರ ಬಿಡುವ ಹುಳಿಸಿದ ಸೋಯಾ ಕಾಳು. ಇಂಗ್ಲಿಷಿನವರು ಉಪಕರಣಕ್ಕೆ ಕಾಳು ಬಿಗಿಯಬಲ್ಲರು. ನಾನು ಒಮ್ಮೆಯೂ ತಪ್ಪಲಿಲ್ಲ.

ಆದರೆ ದನಿ ಏಳುತ್ತಿರಲಿಲ್ಲ. ನಾಲ್ಕು ಜನರ ಎದುರು ನಟ್ಟಿಗೆ ಬೆರಳು ತೋರಿಸಿ ಕೂಗಲು ನಾಚಿಕೆ. “ಬಸುಂದಾರಾ-ಸಾನ್, ಇನ್ನೂ ಜೋರಾಗಿ,” ಎಂದು ನಕಗಾವಾ-ಸಾನ್ ನನ್ನಿಂದ ಮತ್ತೆ ಮತ್ತೆ ಹೇಳಿಸುತ್ತಿದ್ದರು.

ನೇರಳೆ ದೀಪ

ಮರುದಿನ ಮಧ್ಯಾಹ್ನ ಕೊನೆಯ ತಪಾಸಣೆ. ಕೋಣೆ ಕತ್ತಲು ಮಾಡಿ, ನೇರಳೆ ದೀಪ ಹಿಡಿದು, ಪೆಟ್ಟಿಗೆಯನ್ನು ಎಲ್ಲ ಕಡೆಯಿಂದಲೂ ನೋಡುತ್ತಾರೆ. ಎಣ್ಣೆಯೋ ಕೊಳೆಯೋ ಇದ್ದರೆ ಆ ಬೆಳಕಿಗೆ ಹೊಳೆಯುತ್ತದೆ. ಹೊಳೆದದ್ದು ಏನೂ ಉಕ್ಕಿನ ಕೋಣೆಯೊಳಗೆ ಹೋಗುವಂತಿಲ್ಲ, ಏಕೆಂದರೆ ಗಾಳಿಯಿಲ್ಲದಲ್ಲಿ ಅದು ಆವಿಯಾಗಿ ಕೋಣೆಯನ್ನೇ ಕೆಡಿಸುತ್ತದೆ.

ಮೇಲೆ ಸರಿ, ಪಕ್ಕ ಸರಿ. ನಕಗಾವಾ-ಸಾನ್ ಪೆಟ್ಟಿಗೆಯನ್ನು ಮಗುವಿನಂತೆ ಹಿಡಿದು ಮಗುಚಿದರು. ಅಡಿಯ ಬ್ರಾಕೆಟ್ಟಿನ ನಟ್ಟನಡುವೆ ಹಸಿರು ಹಳದಿಯ ಒಂದು ಬೊಟ್ಟು ಧಗಧಗ ಹೊಳೆಯುತ್ತಿತ್ತು. ಉಂಗುರದ ಬೆರಳಿನಿಂದ ಇಟ್ಟ ದುಂಡನೆಯ ಬೊಟ್ಟು. ಅದೇನೆಂದು ನನಗೆ ನೋಡಿದ ಕ್ಷಣವೇ ಗೊತ್ತಾಯಿತು.

ಯಾರೂ ಯೊಶಿ ಎನ್ನಲಿಲ್ಲ. ಒಕಾದಾ-ಸಾನ್ ಹಲ್ಲುಗಳ ನಡುವಿನಿಂದ ನಿಧಾನವಾಗಿ ಗಾಳಿ ಒಳಗೆಳೆದುಕೊಂಡರು. ಈ ಸದ್ದಿಗೆ ಇರಾಳ ಗೋಡೆಯ ಮೇಲೆ ಅಕ್ಷರವಿಲ್ಲ, ನಾವು ಬೇಸರಕ್ಕೆ ಲೊಚಗುಟ್ಟುವುದಕ್ಕೆ ನಮ್ಮಲ್ಲೂ ಅಕ್ಷರವಿಲ್ಲ. ಆದರೂ ಪೂರ್ತಿ ಅರ್ಥವಾಯಿತು.

“ಪದಾರ್ಥ ಯಾವುದು?” ಎಂದು ಕೇಳಿದರು.

“ಟರ್ಮೆರಿಕ್,” ಎಂದೆ. “ಟರ್ಮೆರಿಕ್ಕು.” ಎಲ್ಲರೂ ತಲೆ ಓರೆ ಮಾಡಿದರು. ಸಿದ್ಧಾಂತ ಕೈಕೊಟ್ಟಿತು. ಫೋನಿನ ನಿಘಂಟು ತೆರೆದು ತೋರಿಸಿದೆ.

“ಉಕೊನ್?” ಒಕಾದಾ-ಸಾನ್ ಕನ್ನಡಕ ತೆಗೆದರು. ಅರಿಶಿನಕ್ಕೂ, ಕೊಂಬಿನಿಗಳಲ್ಲಿ ಪುಟ್ಟ ಡಬ್ಬಿಯಲ್ಲಿ ಮಾರುವ ಅರಿಶಿನದ ಪಾನೀಯಕ್ಕೂ ಇಲ್ಲಿ ಅದೇ ಹೆಸರು. ಆಫೀಸಿನ ಪಾರ್ಟಿಗೆ ಹೋಗುವ ಗಂಡಸರು ಕುಡಿತ ತಲೆಗೇರದಿರಲೆಂದು ಮೊದಲೇ ಕುಡಿದುಕೊಳ್ಳುತ್ತಾರಂತೆ. “ಶುಕ್ರವಾರ ನಾನೂ ಕುಡಿದೆ. ಆದರೆ ಉಪಕರಣಕ್ಕೆ ಯಾಕೆ?”

ಕೆಲಸ ಚೆನ್ನಾಗಿ ಆಗಲೆಂದು ನಮ್ಮಲ್ಲಿ ಹಚ್ಚುತ್ತೇವೆ ಎಂದೆ. ಅವರು ತಲೆಯಾಡಿಸಿದರು. “ನಾವೂ ಉಡಾವಣೆಗೆ ಮುಂಚೆ ದೇವಸ್ಥಾನಕ್ಕೆ ಹೋಗುತ್ತೇವೆ. ಉಪಕರಣವನ್ನು ಇಲ್ಲೇ ಬಿಟ್ಟು ಹೋಗುತ್ತೇವೆ,” ಎಂದರು. ನಾಳೆ ಊಟದ ಹೊತ್ತಿಗೆ ಕೋಣೆಯ ಬಾಗಿಲು ಮುಚ್ಚಲೇಬೇಕು, ಅಷ್ಟರೊಳಗೆ ಹೊಳಪು ಹೋಗದಿದ್ದರೆ ಪರೀಕ್ಷೆ ಇಲ್ಲ ಎಂದೂ ಹೇಳಿದರು.

ಹೊರಗೆ ಬಂದು ಗಿರೀಶರಿಗೆ ಫೋನು ಮಾಡಿದೆ. ಪೆಟ್ಟಿಗೆಯ ಹೊರಮೈಯನ್ನು ಕಟ್ಟಿದವರು, ಪ್ಯಾಕ್ ಮಾಡಿದವರು ಅವರೇ. ನಮ್ಮ ಪ್ರಯೋಗಾಲಯದ ಮಹಾ ವಿಚಾರವಾದಿ ಕೂಡ ಅವರೇ. ಆಯುಧಪೂಜೆಯ ದಿನ ಹುಡುಗರು ಮೀಟರುಗಳಿಗೆ ಕುಂಕುಮ ಇಡುವಾಗ ಕಾರಿಡಾರಿನಲ್ಲಿ ಟೀ ಹಿಡಿದು ನಿಂತು, ನಿಂಬೆಹಣ್ಣಿಗೂ ವಿದ್ಯುತ್ತಿಗೂ ಏನು ಸಂಬಂಧವೆಂದು ಪ್ರತಿ ವರ್ಷ ಭಾಷಣ ಮಾಡುವವರು. ಯಾವ ಹುಡುಗನ ಕೆಲಸವೆಂದು ಅವರಿಂದ ತಿಳಿದುಕೊಂಡು ಅವನನ್ನು ಚೆನ್ನಾಗಿ ಬೈಯಬೇಕೆಂದಿದ್ದೆ.

“ಗಿರೀಶ್, ಪೆಟ್ಟಿಗೆಗೆ ಅರಿಶಿನ ಹಚ್ಚಿದ್ದು ಯಾರು?”

“ಯಾಕೆ ಮೇಡಂ?”

“ಯಾರು ಅಂತ ಕೇಳ್ದೆ.”

ಆ ಕಡೆ ಅವರ ಮನೆಯ ಕುಕ್ಕರು ಒಂದು ಸಲ ಕೂಗಿತು.

“ನಾನೇ,” ಎಂದರು.

“ನೀವಾ?”

“ಪ್ಯಾಕ್ ಮಾಡೋವಾಗ ಯಾರೂ ಇರ್ಲಿಲ್ಲ. ಅಡೀಲಿ ಇಟ್ರೆ ಯಾರಿಗೂ ಕಾಣಲ್ಲ ಅಂತ... ಒಂದೇ ಒಂದು ಬೊಟ್ಟು ಮೇಡಂ.”

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಧೂಳು ಎಣಿಸುವ ಯಂತ್ರಕ್ಕೆ ತಾವೇ ಧೂಳು ಹಚ್ಚಿ ಕಳಿಸಿದ್ದೀರಲ್ಲ, ನಾಲ್ಕು ವರ್ಷದ ಕೆಲಸ ಒಂದು ಬೊಟ್ಟಿನಲ್ಲಿ ಮುಳುಗಿಹೋಗುತ್ತಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಒಂದಕ್ಕೂ ಎದುರಾಡಲಿಲ್ಲ. ವಾದಿಸದ ಗಿರೀಶರನ್ನು ನಾನು ಅದೇ ಮೊದಲು ಕಂಡದ್ದು. ಅದರಿಂದ ಸಿಟ್ಟು ಇಳಿಯಲಿಲ್ಲ, ಗಾಬರಿ ಮಾತ್ರ ಹೆಚ್ಚಿತು.

ಕಿಟಕಿಯ ಬಿಸಿಲು

ಬ್ರಾಕೆಟ್ಟು ಬಿಚ್ಚಿ ಸ್ಪಿರಿಟ್ಟಿನಲ್ಲಿ ಒರೆಸಿದೆವು. ಬೊಟ್ಟು ಕರಗಿತು, ಕರಗಿ ಹರಡಿತು. ಒರೆಸಿದಷ್ಟೂ ತೆಳ್ಳಗಾಯಿತೇ ಹೊರತು ಹೋಗಲಿಲ್ಲ. ಲೋಹದ ಲೇಪನದ ಸಣ್ಣ ರಂಧ್ರಗಳೊಳಗೆ ಹೊಕ್ಕು ಕೂತಿತ್ತು. ಬದಲಿ ಬ್ರಾಕೆಟ್ಟು ಬೆಂಗಳೂರಿನಲ್ಲಿತ್ತು.

ನಕಗಾವಾ-ಸಾನ್ ಬೇರೆ ಬೇರೆ ದ್ರಾವಕಗಳ ಹೆಸರು ಹೇಳುತ್ತಿದ್ದರು. ನನಗೆ ಮಾತ್ರ ಬಿಳಿ ಪಂಚೆ ಕಣ್ಣ ಮುಂದೆ ಬಂತು. ಮದುವೆ ಮನೆಯಲ್ಲಿ ಅರಿಶಿನ ತಾಗಿದ ಬಟ್ಟೆಯನ್ನು ಯಾರು ತಾನೇ ಉಜ್ಜಿ ಉಜ್ಜಿ ಹರಿಯುತ್ತಾರೆ? ಒಗೆದು ಬಿಸಿಲಿಗೆ ಹಾಕುತ್ತಾರೆ. ಮಿಕ್ಕಿದ್ದನ್ನು ಬಿಸಿಲೇ ತಿಂದುಹಾಕುತ್ತದೆ.

“ನಾಳೆ ಬೆಳಿಗ್ಗೆ ಬಿಸಿಲಿಗಿಡೋಣ,” ಎಂದೆ.

ತಮಾಷೆ ಮಾಡುತ್ತಿದ್ದೇನೆಯೇ ಎಂದು ಆಕೆ ನನ್ನ ಮುಖ ನೋಡಿದರು. ಆಮೇಲೆ ಹುಬ್ಬು ಮೇಲಕ್ಕೆ ಹೋಯಿತು. “ಫುತೊನ್ ಹಾಗೆ,” ಎಂದರು. ಚಳಿಗಾಲದ ಬೆಳಿಗ್ಗೆ ಇಲ್ಲಿನ ಬಾಲ್ಕನಿಗಳಲ್ಲೆಲ್ಲ ಹಾಸಿಗೆಗಳು ನೇತಾಡುವುದನ್ನು ನಾನೂ ನೋಡಿದ್ದೆ. ಬಿಸಿಲಿನ ಬೆಲೆ ತಿಳಿದ ಹೆಂಗಸಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ.

ಬುಧವಾರ ಬೆಳಿಗ್ಗೆ ಬ್ರಾಕೆಟ್ಟನ್ನು ಪಾರದರ್ಶಕ ಚೀಲದಲ್ಲಿ ಮುಚ್ಚಿ ಮೂಡಣ ಕಿಟಕಿಯಲ್ಲಿಟ್ಟೆವು. ಆ ದೇಶದ ಚಳಿಗಾಲದ ಬಿಸಿಲು ಒಣಗಿದ, ಚೊಕ್ಕ ಬಿಸಿಲು. ಹಪ್ಪಳ ಕಾಯುವವರಂತೆ ನಾವಿಬ್ಬರೂ ಕುರ್ಚಿ ಹಾಕಿ ಕಾದೆವು. ಆಗಾಗ ಕತ್ತಲ ಕೋಣೆಗೆ ಒಯ್ದು ದೀಪ ಹಿಡಿಯುವುದು. ಹೊಳಪು ಇದ್ದರೆ ಅದನ್ನೂ ಕೂಗಿಯೇ ಹೇಳಬೇಕು. ಕೆಟ್ಟ ಸುದ್ದಿಗೂ ಇಲ್ಲಿ ರಿಯಾಯಿತಿ ಇಲ್ಲ.

“ಉಕೊನ್, ಅರಿ!” ಎಂದೆ ಬೆರಳು ಚಾಚಿ. ಅರಿಶಿನ ಇದೆ ಎಂದರ್ಥ. ಆಕೆ ಮರಳಿ ಕೂಗಿದರು. ಎರಡನೆಯ ಸಲವೂ ಅರಿ. ನಡುವೆ ಒಂದು ಮೋಡ ಬಂದು ಕಿಟಕಿಯ ಮುಂದೆ ಹಾಯಾಗಿ ನಿಂತಿತು. ಅದು ಹೋಗುವಷ್ಟರಲ್ಲಿ ನಾನು ಮನಸ್ಸಿನಲ್ಲೇ ರಾಜೀನಾಮೆ ಪತ್ರ ಬರೆದು ಮುಗಿಸಿದ್ದೆ. ಮೂರನೆಯ ಸಲ ಹೊಳಪು ಕಂಡೂ ಕಾಣದಂತಿತ್ತು. ಅಷ್ಟು ಹೊತ್ತಿಗೆ ನನ್ನ ನಾಚಿಕೆ ಎಲ್ಲಿ ಹೋಗಿತ್ತೋ, ಕಾರಿಡಾರಿಗೆ ಕೇಳಿಸುವಂತೆ ಕೂಗುತ್ತಿದ್ದೆ.

ಊಟದ ಗಂಟೆಗೆ ಸ್ವಲ್ಪ ಮುಂಚೆ ಒಕಾದಾ-ಸಾನ್ ತಾವೇ ಬಂದು ದೀಪ ಹಿಡಿದರು. ಬ್ರಾಕೆಟ್ಟು ಕಪ್ಪಗಿತ್ತು. ಮಗುಚಿ ನೋಡಿದೆ, ಓರೆ ಹಿಡಿದು ನೋಡಿದೆ. ನನ್ನ ಬೆರಳು ತೋರಿಸಿದ ಕಡೆ ನನ್ನ ಕಣ್ಣು ಹೋಯಿತು, ಕಣ್ಣು ಹೋದ ಕಡೆ ಏನೂ ಇರಲಿಲ್ಲ.

“ಉಕೊನ್, ನಶಿ. ಯೊಶಿ!”

ನಶಿ ಎಂದರೆ ಇಲ್ಲ. ನಮ್ಮ ನಾಸ್ತಿಗೂ ಅದಕ್ಕೂ ನೆಂಟಸ್ತಿಕೆ ಇದೆಯೋ ಇಲ್ಲವೋ ಪಂಡಿತರು ಹೇಳಲಿ. ಮೂವರೂ ಅದನ್ನು ಕೂಗಿದೆವು. ಬ್ರಾಕೆಟ್ಟು ಕೂರಿಸಿ, ಬೊರುತೊ ನತ್ತೊಗಳಿಗೆಲ್ಲ ಒಂದೊಂದಾಗಿ ಬೆರಳಿಟ್ಟು ಕೂಗಿ, ಉಕ್ಕಿನ ಬಾಗಿಲು ಮುಚ್ಚಿದೆವು.

ಬಾಗಿಲು ತೆರೆದಾಗ

ವಾರದ ಕೊನೆಗೆ ಬಾಗಿಲು ತೆರೆಯಿತು. ಬಿಸಿಯಲ್ಲೂ ಚಳಿಯಲ್ಲೂ ನಮ್ಮ ಪೆಟ್ಟಿಗೆ ಒಮ್ಮೆಯೂ ಮಾತು ನಿಲ್ಲಿಸಿರಲಿಲ್ಲ. ಪರದೆಯ ಮೇಲೆ ಧೂಳಿನ ಲೆಕ್ಕ ಸೊನ್ನೆ ಎಂದಿತ್ತು. ರಾಕೆಟ್ಟಿನ ಮೂಲೆ ನಮ್ಮದೇ ಆಗಿ ಉಳಿಯಿತು. ಒಕಾದಾ-ಸಾನ್ ಬಗ್ಗಿದರು, ನಾನು ಅವರಿಗಿಂತ ತಗ್ಗಿ ಬಗ್ಗಿದೆ.

ಹೊರಗೆ ಬಂದು ಗಿರೀಶರಿಗೆ ಫೋನು ಮಾಡಿದೆ. ಪಾಸಾಯಿತು ಎಂದಾಗ ಅವರು ಕುಣಿಯುತ್ತಾರೆಂದುಕೊಂಡಿದ್ದೆ.

“ಪೂರ್ತಿ ಒರೆಸಿಬಿಟ್ರಾ ಮೇಡಂ?” ಎಂದು ಕೇಳಿದರು.

“ಪೂರ್ತಿ. ಒಂಚೂರೂ ಇಲ್ಲ.”

“ಅಂದ್ರೆ ಇನ್ಮೇಲೆ ಅದು ಬರೀ ನಮ್ಮ ಕೆಲಸ ನಂಬ್ಕೊಂಡು ಮೇಲೆ ಹೋಗತ್ತೆ,” ಎಂದರು ಗಿರೀಶ್. “ಇಷ್ಟು ವರ್ಷ ಭಾಷಣ ಮಾಡ್ದೆ. ಈಗ ನಿಜವಾಗ್ಲೂ ಭಯ ಆಗ್ತಿದೆ ಮೇಡಂ.”

ಬೈಯಲು ಇನ್ನೂ ಒಂದಿಷ್ಟು ಮಾತು ಉಳಿಸಿಕೊಂಡಿದ್ದೆ. ಅವನ್ನು ಬದಿಗಿಟ್ಟೆ.

“ನೀವು ಬಿಗಿದ ಒಂದೊಂದು ನಟ್ಟಿಗೂ ನಾನು ಬೆರಳಿಟ್ಟು ಕೂಗಿದೀನಿ ಗಿರೀಶ್,” ಎಂದೆ. “ಒಂದೂ ಸಡಿಲ ಇರ್ಲಿಲ್ಲ.”